ಅರ್ಧಕ್ಕೆ ಬಿಟ್ಟ ಪರ್ಸೋನಾ 5 ರಾಯಲ್: ಮತ್ತೆ ಮೊದಲಿನಿಂದ ಆಡಬೇಕಾ?

ಓದುಗರ ಪ್ರಶ್ನೆ: ಪರ್ಸೋನಾ 5 ರಾಯಲ್ ಅನ್ನೋ ಜಪಾನಿ ವಿಡಿಯೋ ಗೇಮ್ 55 ಗಂಟೆ ಆಡಿ, ಕೆಲಸದ ಒತ್ತಡದಲ್ಲಿ ಬಿಟ್ಟುಬಿಟ್ಟೆ. ಎಂಟು ತಿಂಗಳಾಯಿತು. ಈಗ ಸೇವ್ (ಉಳಿಸಿಟ್ಟ ಆಟ) ತೆರೆದರೆ ಬಾಹ್ಯಾಕಾಶ ನಿಲ್ದಾಣದ ಥರದ ಜಾಗದಲ್ಲಿ ನಿಂತಿದ್ದೇನೆ. ಯಾವ ಬಟನ್ ಏನು ಮಾಡುತ್ತೆ ಅಂತಾನೂ ನೆನಪಿಲ್ಲ. ಮೊದಲಿನಿಂದ ಶುರು ಮಾಡೋದೇ ಒಳ್ಳೇದಾ?

ಬೇಡ. ಇದನ್ನು ಇಷ್ಟು ಖಂಡಿತವಾಗಿ ಹೇಳುತ್ತಿರುವುದು ಏಕೆಂದರೆ ನಾನು ಆ ತಪ್ಪನ್ನು ಎರಡು ಸಲ ಮಾಡಿದ್ದೇನೆ. ಈ ಆಟದ ಒಂದೊಂದು ದೊಡ್ಡ ಹಂತವೂ ಒಬ್ಬ ಖಳನ ಮನಸ್ಸಿನೊಳಗಿನ ‘ಅರಮನೆ’. ಮೊದಲ ಅರಮನೆ, ಅಂದರೆ ಕಮೋಶಿದನ ಕೋಟೆ, ನನಗೆ ಈಗ ಮನೆಯ ಹಿತ್ತಲಿನಷ್ಟು ಪರಿಚಯ. ಯಾವ ಮೂಲೆಯಲ್ಲಿ ಪೆಟ್ಟಿಗೆ ಇದೆ, ಯಾವ ಬಾಗಿಲ ಹಿಂದೆ ಕಾವಲುಗಾರ ನಿಂತಿದ್ದಾನೆ, ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೆ ಆಟದ ಕೊನೆ ನೋಡಿದ್ದು ಮೂರನೇ ಸಲಕ್ಕೆ, ಅದೂ ಎರಡನೇ ಸಲದ ಹಳೆಯ ಸೇವ್‌ನಿಂದಲೇ ಮುಂದುವರಿಸಿದ ಮೇಲೆ. ಮೊದಲಿನಿಂದ ಶುರು ಮಾಡಿದವರು ಸಾಮಾನ್ಯವಾಗಿ ಗೊತ್ತಿರುವ ಭಾಗವನ್ನೇ ಮತ್ತೆ ಆಡಿ, ಹಿಂದೆ ಎಲ್ಲಿ ಸುಸ್ತಾಗಿದ್ದರೋ ಅಲ್ಲೇ ಮತ್ತೆ ಸುಸ್ತಾಗುತ್ತಾರೆ.

ನೀವು ಹೇಳುವ ಬಾಹ್ಯಾಕಾಶ ನಿಲ್ದಾಣ ಒಕುಮುರಾ ಅರಮನೆ. ಅಲ್ಲಿ ನಿಂತುಹೋದವರು ನೀವೊಬ್ಬರೇ ಅಲ್ಲ, ನಾನು ನಿಂತಿದ್ದೂ ಅಲ್ಲೇ. ಬೇಸಿಗೆ ರಜೆ ಮುಗಿದು, ಹವಾಯಿ ಪ್ರವಾಸ ಮುಗಿದು, ತಂಡದ ಬೆಕ್ಕು ಮೊರ್ಗಾನಾ ಮುನಿಸಿಕೊಂಡು, ಕಥೆ ಸ್ವಲ್ಪ ಎಳೆದಾಡುವ ಹೊತ್ತಿಗೆ ಈ ಅರಮನೆ ಬರುತ್ತದೆ. ಒಂದು ಗಾಳಿಕೋಣೆಯ (ಏರ್‌ಲಾಕ್) ಬಾಗಿಲು ತೆರೆದರೆ ಇನ್ನೊಂದು ಮುಚ್ಚುವ ಒಗಟು. ಅದು ಮುಗಿಯಿತು ಅನ್ನುವಾಗ ಬಾಸ್, ಅಂದರೆ ಅರಮನೆಯ ಒಡೆಯ ಒಕುಮುರಾ. ಅವನ ರೋಬೋಟ್‌ಗಳು ತಂಡ ತಂಡವಾಗಿ ಬರುತ್ತವೆ. ಒಂದು ತಂಡವನ್ನು ಹೆಚ್ಚು ಕಡಿಮೆ ಒಟ್ಟಿಗೇ ಮುಗಿಸಬೇಕು. ಒಂದೆರಡು ಉಳಿದರೆ ಅವು ಓಡಿಹೋಗಿ, ಆ ಜಾಗಕ್ಕೆ ಹೊಸದಾಗಿ ಪೂರ್ತಿ ತಂಡವೇ ಬಂದು ನಿಲ್ಲುತ್ತದೆ. ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಕೂತವರಿಗೆ ಇದು ಬೇಕಾ, ಹೇಳಿ. ನನ್ನ ಪ್ರಕಾರ ಇಡೀ ಆಟದಲ್ಲಿ ಕಳಪೆ ಭಾಗ ಇದೇ. ಒಳ್ಳೆಯ ಸುದ್ದಿ ಏನೆಂದರೆ, ಇದರ ಮುಂದಿನ ಅರಮನೆ ಅತಿ ಒಳ್ಳೆಯವುಗಳಲ್ಲಿ ಒಂದು. ನೀವು ಹೊಳೆ ದಾಟುವ ಮುಂಚೆ ದೋಣಿ ಬಿಟ್ಟು ಇಳಿದಿದ್ದೀರಿ, ಅಷ್ಟೇ.

ಸರಿ, ಮರೆತದ್ದಕ್ಕೆ ಏನು ಮಾಡುವುದು? ನಾವು ಮರೆತಿದ್ದೇವೆ ಅಂದುಕೊಳ್ಳುವುದು ಕಥೆಯನ್ನು. ನಿಜಕ್ಕೂ ಮರೆತಿರುವುದು ಕೈಗಳು. ಕಥೆಯ ಬಗ್ಗೆ ಚಿಂತೆ ಬೇಡ. ಆಟ ಶುರುವಾಗುವುದೇ ನಾಯಕ ಸಿಕ್ಕಿಬಿದ್ದು ವಿಚಾರಣೆಯ ಕೋಣೆಯಲ್ಲಿ ಕೂತಿರುವಾಗ. ಅವನು ಹಿಂದಿನದನ್ನೆಲ್ಲ ಸರ್ಕಾರಿ ವಕೀಲೆ ಸಾಯೆ ನೀಜಿಮಾಗೆ ಹೇಳುತ್ತಾ ಹೋಗುತ್ತಾನೆ. ಆಕೆ ಆಗಾಗ ಅಡ್ಡಬಂದು ಅದು ಯಾರು, ಇದು ಹೇಗೆ ಅಂತ ಕೇಳುತ್ತಲೇ ಇರುತ್ತಾಳೆ. ಅದು ಸಾಲದು ಅಂತ ಗೆಳೆಯರು ಫೋನಿನ ಗ್ರೂಪ್ ಚಾಟ್‌ನಲ್ಲಿ ಆದದ್ದನ್ನೇ ಮತ್ತೆ ಮತ್ತೆ ಚರ್ಚಿಸುತ್ತಾರೆ. ಬಿಡದೆ ಆಡುವವರಿಗೆ ಇದು ತಲೆನೋವು, ಬಿಟ್ಟು ಬಂದವರಿಗೆ ವರ. ಒಂದೆರಡು ಗಂಟೆ ಆಡಿದರೆ ಕಥೆ ತಾನೇ ಹತ್ತಿರ ಬರುತ್ತದೆ. ಸಾರಾಂಶದ ವಿಡಿಯೋ ಹುಡುಕಲು ಮಾತ್ರ ಹೋಗಬೇಡಿ. ಪಕ್ಕದಲ್ಲಿ ಬರುವ ಥಂಬ್‌ನೇಲ್ ನೋಡಿದರೂ ಸಾಕು, ಕೊನೆಯ ಗುಟ್ಟು ರಟ್ಟಾಗುತ್ತದೆ.

ಕೈಗಳಿಗೆ ಬೇಕಾದದ್ದು ಅಭ್ಯಾಸ. ಅದಕ್ಕೆ ಒಂದು ಸಂಜೆ ತೆಗೆದಿಡಿ. ಹಳೆಯ ಸೇವ್ ತೆರೆಯಿರಿ, ಎದುರಿಗೆ ಬಂದ ಶ್ಯಾಡೋಗಳ (ಅರಮನೆಯ ಶತ್ರುಗಳು) ಜೊತೆ ಸುಮ್ನೆ ಹೊಡೆದಾಡಿ, ಸೋಲಿ, ಐಟಂಗಳನ್ನೆಲ್ಲ ಖಾಲಿ ಮಾಡಿ. ಆಮೇಲೆ ಸೇವ್ ಮಾಡದೆ ಆಫ್ ಮಾಡಿ. ಮಾರನೇ ದಿನ ಅದೇ ಜಾಗದಿಂದ ನಿಜವಾದ ಆಟ. ಅಭ್ಯಾಸದ ಹೆಸರಿನಲ್ಲಿ ಆಟದ ಕ್ಯಾಲೆಂಡರ್‌ನ ಒಂದು ದಿನವೂ ಹಾಳಾಗುವುದಿಲ್ಲ.

ಆ ಸಂಜೆ ನಿಮಗೆ ಜಾಸ್ತಿ ಗೊಂದಲ ಮಾಡುವುದು ಮಂತ್ರಗಳ ಹೆಸರು. ಮಬುಫುಲಾ ಅಂದರೆ ಏನು? ಅಗಿಡೈನ್? ಉರು ಹೊಡೆಯಬೇಕಿಲ್ಲ, ಇದಕ್ಕೊಂದು ವ್ಯಾಕರಣ ಇದೆ. ಮೂಲ ಪದಗಳು ಕೆಲವೇ. ಅಗಿ ಅಂದರೆ ಬೆಂಕಿ (ಅಗ್ನಿ ಅಂತ ನೆನಪಿಟ್ಟುಕೊಳ್ಳಿ, ಕನ್ನಡದವರಿಗೆ ಇದೊಂದು ಪುಕ್ಕಟೆ). ಬುಫು ಮಂಜು, ಜಿಯೋ ಮಿಂಚು, ಗಾರು ಗಾಳಿ, ಫ್ರೇ ಅಣು, ಸೈ ಮನಶ್ಶಕ್ತಿ. ಹಿಂದೆ ‘ಡೈನ್’ ಅಂಟಿಕೊಂಡರೆ ಪೆಟ್ಟು ಜೋರು. ಮುಂದೆ ‘ಮ’ ಅಂಟಿಕೊಂಡರೆ ಎದುರಿಗಿರುವ ಎಲ್ಲರಿಗೂ ಒಟ್ಟಿಗೆ. ಬುಫು ಹಿಂದೆ ‘ಲಾ’ ಬಂದರೆ ಪೆಟ್ಟು ಮಧ್ಯಮ, ಹಾಗಾಗಿ ಮಬುಫುಲಾ ಅಂದರೆ ಎಲ್ಲರ ಮೇಲೂ ಮಧ್ಯಮ ಮಂಜು. ನಮ್ಮ ವಿಭಕ್ತಿ ಪ್ರತ್ಯಯಕ್ಕಿಂತ ಸುಲಭ. ಇನ್ನು ತಂಡದಲ್ಲಿ ಯಾರ ಕೈಯಲ್ಲಿ ಏನಿದೆ ಅನ್ನುವುದು: ಆನ್ ಬೆಂಕಿ, ಯುಸುಕೆ ಮಂಜು, ರ್ಯುಜಿ ಮಿಂಚು, ಮೊರ್ಗಾನಾ ಗಾಳಿ, ಮಕೋತೊ ಅಣು, ಹಾರು ಸೈ. ಶತ್ರುವಿನ ದೌರ್ಬಲ್ಯಕ್ಕೆ ಹೊಡೆದರೆ ಅವನು ಬೀಳುತ್ತಾನೆ, ನಿಮಗೆ ಇನ್ನೊಂದು ಸರದಿ ಸಿಗುತ್ತದೆ, ಅದನ್ನು ಬ್ಯಾಟನ್ ಪಾಸ್‌ನಲ್ಲಿ ಗೆಳೆಯನಿಗೆ ದಾಟಿಸಬಹುದು. ಇಡೀ ಹೊಡೆದಾಟದ ಜೀವ ಇಷ್ಟೇ.

ಅಭ್ಯಾಸ ಆಯಿತು, ಆದರೂ ಒಕುಮುರಾ ಬಗ್ಗುತ್ತಿಲ್ಲವಾ? ಕಾನ್ಫಿಗ್‌ಗೆ ಹೋಗಿ ಕಷ್ಟದ ಮಟ್ಟವನ್ನು ಈಸಿಗೆ ಇಳಿಸಿ. ಮುಂದಿನ ಅರಮನೆಯಲ್ಲಿ ಬೇಕಾದರೆ ಮತ್ತೆ ಏರಿಸಿದರಾಯಿತು. ಯಾರೂ ನೋಡುವುದಿಲ್ಲ.

ಈಗ ನಿಜವಾಗಿ ಎಚ್ಚರ ಬೇಕಾದ ವಿಷಯ. ಈ ಆಟ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಜಪಾನಿನ ಶಾಲಾ ವರ್ಷದ ಪ್ರಕಾರ, ದಿನ ದಿನವಾಗಿ ಸಾಗುತ್ತದೆ. ಹಾಗಾಗಿ ಪರದೆಯ ಮೂಲೆಯ ದಿನಾಂಕವನ್ನು ಮೊದಲು ನೋಡಿ. ಒಕುಮುರಾ ಅರಮನೆ ಮುಗಿಸಲು ಗಡುವು ಅಕ್ಟೋಬರ್ 11. 2016ರ ಮೂಲ ಆಟಕ್ಕೆ 2019ರ ರಾಯಲ್‌ನಲ್ಲಿ ಒಂದು ಹೊಸ ಸೆಮಿಸ್ಟರ್ ಸೇರಿಸಿದ್ದಾರೆ. ರಾಯಲ್ ಕೊಳ್ಳುವುದಕ್ಕೆ ದೊಡ್ಡ ಕಾರಣವೇ ಅದು. ಆದರೆ ಅದು ತಾನಾಗಿ ಸಿಗುವುದಿಲ್ಲ. ಶಾಲೆಯ ಆಪ್ತಸಲಹೆಗಾರ ಮರುಕಿ ಜೊತೆಗಿನ ಗೆಳೆತನ ನವೆಂಬರ್ 18ರೊಳಗೆ 9ನೇ ಮಟ್ಟಕ್ಕೆ ಬರಬೇಕು. ಪತ್ತೇದಾರ ಅಕೆಚಿ ಜೊತೆ ನವೆಂಬರ್ 24ರೊಳಗೆ 8, ಸಹಪಾಠಿ ಶಾಲೆಯ ಹುಡುಗಿ ಕಸುಮಿ ಜೊತೆ ಡಿಸೆಂಬರ್ 18ರೊಳಗೆ 5. ಆಟ ಇದನ್ನು ಎಲ್ಲೂ ನೇರವಾಗಿ ಹೇಳುವುದಿಲ್ಲ, ಅದು ನನ್ನ ದೊಡ್ಡ ತಕರಾರು. ಮೆನುವಿನಲ್ಲಿ ಕಾನ್ಫಿಡೆಂಟ್ (ಆಪ್ತರ) ಪಟ್ಟಿ ತೆರೆದು ಈ ಮೂವರ ಮಟ್ಟ ನೋಡಿ. ನೀವಿರುವುದು ಸೆಪ್ಟೆಂಬರ್ ಕೊನೆಯಲ್ಲೋ ಅಕ್ಟೋಬರ್ ಶುರುವಿನಲ್ಲೋ. ಬಹುಶಃ ಇನ್ನೂ ಕೈಮೀರಿಲ್ಲ. ಮರುಕಿ ಸಿಗುವ ದಿನ ಬೇರೆ ಯಾರ ಕಡೆಗೂ ಹೋಗಬೇಡಿ.

ಈ ಮೂವರ ಗಡುವೇ ದಾಟಿಹೋಗಿದ್ದರೆ? ಆಗಲೂ ಮೊದಲಿಗೆ ಓಡಬೇಡಿ. ಮಾಮೂಲಿ ಕೊನೆಯವರೆಗೆ ಆಡಿ, ಆಮೇಲೆ ನ್ಯೂ ಗೇಮ್ ಪ್ಲಸ್ (ಗಳಿಸಿದ್ದರ ಸಮೇತ ಎರಡನೇ ಸುತ್ತು) ತೆಗೆದುಕೊಳ್ಳಿ. ಹಣ, ಆಯುಧ, ಜ್ಞಾನ, ಧೈರ್ಯದಂಥ ಗುಣಗಳು, ಪರ್ಸೋನಾಗಳ (ಹೊಡೆದಾಟಕ್ಕೆ ಕರೆಯುವ ಶಕ್ತಿರೂಪಗಳು) ಸಂಗ್ರಹ ಎಲ್ಲ ಜೊತೆಗೆ ಬರುತ್ತವೆ. ಮೊದಲಿನಿಂದ ಶುರು ಮಾಡಿ ಅಂತ ನಾನು ಹೇಳುವುದು ಒಂದೇ ಸಂದರ್ಭದಲ್ಲಿ: ಕಮೋಶಿದನ ಕೋಟೆಯನ್ನೂ ಮುಗಿಸದೆ ಹತ್ತು ಗಂಟೆಯೊಳಗೆ ಬಿಟ್ಟಿದ್ದರೆ.

ಸಮಯದ ಲೆಕ್ಕಕ್ಕೆ ಬರೋಣ. ರಾಯಲ್ ನೂರು ಗಂಟೆಯ ಆಸುಪಾಸಿನ ಆಟ, ಎಲ್ಲವನ್ನೂ ಮಾಡುವವರಿಗೆ ಇನ್ನೂ ಜಾಸ್ತಿ. ಆ ಲೆಕ್ಕ ಇಂಗ್ಲಿಷ್ ಸಬ್‌ಟೈಟಲ್ ಸರಸರ ಓದುವವರದ್ದು. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನಂಥವರು ಅದಕ್ಕೆ ಹತ್ತು ಹದಿನೈದು ಗಂಟೆ ಸೇರಿಸಿಕೊಳ್ಳಬೇಕು. ನಿಮಗೆ ಇನ್ನು ಐವತ್ತು ಗಂಟೆ ಉಳಿದಿದೆ ಅಂದುಕೊಳ್ಳಿ. ವಾರಕ್ಕೆ ಐದು ಗಂಟೆ ಅಂದರೆ ಹತ್ತು ವಾರ. ಆದರೆ ಗಂಟೆ ಲೆಕ್ಕ ಹಾಕಿ ಕೂರಬೇಡಿ, ಆಟದೊಳಗಿನ ದಿನದ ಲೆಕ್ಕ ಹಾಕಿ. ಶಾಲೆ, ಸಂಜೆ ಒಬ್ಬ ಗೆಳೆಯನ ಭೇಟಿ, ರಾತ್ರಿ ಲೆಬ್ಲಾಂಕ್ ಕಾಫಿ ಅಂಗಡಿಯ ಅಟ್ಟ. ಮಾಮೂಲಿ ದಿನವಾದರೆ ಇದಕ್ಕೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅರಮನೆಗೆ ಹೋಗುವ ದಿನವನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ, ಯಾಕೆಂದರೆ ಅಲ್ಲಿ ಸೇವ್ ಮಾಡಬಹುದಾದ ಒಂದು ಸೇಫ್ ರೂಮ್‌ನಿಂದ ಇನ್ನೊಂದಕ್ಕೆ ಹೋಗುವುದೇ ಒಂದು ಬೈಠಕ್.

ಏಳುವ ಮುಂಚೆ ಒಂದು ಚೀಟಿಯಲ್ಲಿ ಒಂದು ಸಾಲು ಬರೆದಿಡಿ. ನನ್ನ ಹಳೆಯ ಚೀಟಿ ಈಗಲೂ ಡ್ರಾಯರ್‌ನಲ್ಲಿದೆ: "ನಾಳೆ ಮಕೋತೊ ಭೇಟಿ, ಔಷಧಿ ಕೊಳ್ಳೋದು, ಎಡಗಡೆ ಗಾಳಿಕೋಣೆ ಬಾಕಿ." ಆ ಕೊನೆಯ ಮೂರು ಪದ ಇಲ್ಲದಿದ್ದರೆ ನಾನು ಇವತ್ತಿಗೂ ಆ ನಿಲ್ದಾಣದಲ್ಲೇ ತೇಲುತ್ತಿರುತ್ತಿದ್ದೆ.