ಶಾಲೆಗೆ ಹೋಗುವಷ್ಟು ದೂರಕ್ಕೂ ಹೆಲ್ಮೆಟ್ ಬೇಕೇ?

ಪ್ರಶ್ನೆ: ಮಗಳು ಕಾರವಾರದ ಕೋಡಿಬಾಗದಿಂದ ಶಾಲೆಗೆ ಸೈಕಲ್ ತುಳಿದುಕೊಂಡು ಹೋಗುತ್ತಾಳೆ. ದೂರ ಹೆಚ್ಚಿಲ್ಲ, ವೇಗವಂತೂ ಇಲ್ಲವೇ ಇಲ್ಲ. ಅವಳಿಗೂ ಹೆಲ್ಮೆಟ್ ಬೇಕೇ?

ಬೇಕು. ಶಾಲೆ ತೆರೆಯುವ ಹೊತ್ತಿಗೆ ಈ ಪ್ರಶ್ನೆ ಊರಿನ ಹೆಸರನ್ನಷ್ಟೇ ಬದಲಿಸಿಕೊಂಡು ಬಂದೇ ಬರುತ್ತದೆ. ಕೇಳುವವರು ಶಿರಸಿಯವರಾಗಲಿ, ಕುಮಟೆಯವರಾಗಲಿ, ‘ವೇಗವಂತೂ ಇಲ್ಲ’ ಎಂಬ ಮಾತನ್ನು ಸೇರಿಸಲು ಮಾತ್ರ ಮರೆಯುವುದಿಲ್ಲ. ಕಾನೂನಿನ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ: 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿರುವುದು ಮೋಟಾರ್‌ಸೈಕಲ್ ಸವಾರರಿಗೆ, ತುಳಿಯುವ ಸೈಕಲ್ಲಿಗೆ ಅದು ಅನ್ವಯಿಸುವುದಿಲ್ಲ.

ಇನ್ನು ವೇಗದ ಮಾತು. ನಿಧಾನವಾಗಿ ಹೋಗುವವರಿಗೆ ಪೆಟ್ಟೂ ಹಗುರವಾಗಿಯೇ ಬೀಳುತ್ತದೆ ಎಂಬ ನಂಬಿಕೆಯನ್ನು ಪ್ರೌಢಶಾಲೆಯ ಭೌತಶಾಸ್ತ್ರದ ಒಂದು ಲೆಕ್ಕವೇ ಅಳಿಸಿಹಾಕುತ್ತದೆ. ಸೈಕಲ್ ಮೇಲೆ ಕುಳಿತವರ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 5.4 ಮೀಟರ್, ಅಂದರೆ ಗಂಟೆಗೆ ಹತ್ತೊಂಬತ್ತೂವರೆ ಕಿಲೋಮೀಟರ್. ಈ ವೇಗವನ್ನು ಕೊಡುವುದು ಗುರುತ್ವಾಕರ್ಷಣೆಯೇ ಹೊರತು ಪೆಡಲ್ ಅಲ್ಲ. ಆದ್ದರಿಂದ ನಿಂತಲ್ಲೇ ವಾಲಿ ಬಿದ್ದರೂ ತಲೆಗೆ ಈ ವೇಗ ತಪ್ಪಿದ್ದಲ್ಲ. ಯುರೋಪಿನ ಇಎನ್ 1078 ಮಾನದಂಡದಂತೆ ಸೈಕಲ್ ಹೆಲ್ಮೆಟ್ಟನ್ನು ಸಮತಟ್ಟಾದ ಉಕ್ಕಿನ ಮೇಲೆ ಬೀಳಿಸಿ ಪರೀಕ್ಷಿಸುವುದೂ ಸೆಕೆಂಡಿಗೆ 5.42 ಮೀಟರ್ ವೇಗದಲ್ಲೇ. ಅಂದರೆ ನೀವು ‘ಸಣ್ಣದು’ ಎಂದು ತಳ್ಳಿಹಾಕುವ ಬೀಳುವಿಕೆಗೆಂದೇ ಅದು ತಯಾರಾಗಿದೆ. ಹೆದ್ದಾರಿಯಲ್ಲಿ ಲಾರಿ ಗುದ್ದಿದಾಗ ಅದರಿಂದ ಹೆಚ್ಚೇನನ್ನೂ ನಿರೀಕ್ಷಿಸುವಂತಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಸಾಲದ್ದಕ್ಕೆ, ಸೈಕಲ್ ತೀರ ನಿಧಾನವಾದಾಗಲೇ ಹೆಚ್ಚು ಓಲಾಡುತ್ತದೆ. ನಮ್ಮ ಕಡೆಯ ರಸ್ತೆಗಳಲ್ಲಿ ಮಳೆನೀರು ಅಂಚಿನ ಮಣ್ಣನ್ನು ಕೊಚ್ಚಿಕೊಂಡು ಹೋಗಿ, ಡಾಂಬರು ಒಂದು ಗೇಣು ಎತ್ತರದಲ್ಲಿ ಉಳಿದುಬಿಡುತ್ತದೆ. ಬಸ್ಸಿಗೆ ದಾರಿ ಬಿಡಲೆಂದು ಮಕ್ಕಳು ಕೆಳಕ್ಕಿಳಿದು, ಮತ್ತೆ ಮೇಲೇರಲು ಹ್ಯಾಂಡಲ್ ತಿರುಗಿಸಿದಾಗ ಮುಂದಿನ ಟೈರು ಆ ಅಂಚಿಗೆ ಉಜ್ಜಿಕೊಂಡೇ ಸಾಗುತ್ತದೆ, ಮೇಲೆ ಹತ್ತುವುದಿಲ್ಲ. ಚಕ್ರ ಕೆಳಗೇ ಉಳಿದು ಮೈ ಡಾಂಬರಿನ ಕಡೆಗೆ ಮಗುಚುತ್ತದೆ. ಕೈ ಊರಲೂ ಪುರುಸೊತ್ತು ಇರುವುದಿಲ್ಲ.

ಹೆಲ್ಮೆಟ್ಟಿನಲ್ಲಿ ಕೆಲಸ ಮಾಡುವುದು ಹೊರಗಿನ ಬಣ್ಣದ ಚಿಪ್ಪಲ್ಲ, ಒಳಗಿನ ಥರ್ಮಾಕೋಲ್ ಜಾತಿಯ ಫೋಮ್. ದೇವರ ಮುಂದಿನ ಕಲ್ಲಿಗೆ ಹೋಳಾಗುವ ತೆಂಗಿನಕಾಯಿ ಹುಲ್ಲಿನ ರಾಶಿಯ ಮೇಲೆ ಬಿದ್ದರೆ ಬಿರುಕೂ ಬಿಡುವುದಿಲ್ಲವಷ್ಟೆ. ಹಾಗೆಯೇ, ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕಿದ್ದ ತಲೆ ಫೋಮನ್ನು ಜಜ್ಜುತ್ತ ಎರಡು ಸೆಂಟಿಮೀಟರಿನಲ್ಲಿ ನಿಂತರೆ ಅದರ ಮೇಲಿನ ಸರಾಸರಿ ಬಲ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಹೆಲ್ಮೆಟ್ ಹಣೆಯನ್ನು ಮುಚ್ಚಿರಬೇಕು, ಹುಬ್ಬಿನಿಂದ ಎರಡು ಬೆರಳಿನಷ್ಟೇ ಮೇಲಿರಬೇಕು, ಗದ್ದದ ಪಟ್ಟಿ ಬಿಗಿಯಾಗಿರಬೇಕು. ಜಡೆಗೆ ಅಡ್ಡಿಯಾಗುತ್ತದೆಂದು ಹಿಂದಕ್ಕೆ ಸರಿಸಿಕೊಂಡರೆ ಹಣೆ ಬಯಲಾಗುತ್ತದೆ.

ಯಾರೂ ಕೇಳದ ಇನ್ನೊಂದು ಪ್ರಶ್ನೆಗೂ ಉತ್ತರಿಸುತ್ತೇನೆ, ಏಕೆಂದರೆ ಕೇಳಬೇಕಾಗಿದ್ದದ್ದು ಅದನ್ನೇ: ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಹುದೇ? ಬಳಸಬಾರದು. ಜಜ್ಜಿದ ಫೋಮ್ ಮತ್ತೆ ಉಬ್ಬುವುದಿಲ್ಲ. ಮೇಲ್ಮೈ ಹೊಸದರಂತೆ ಕಂಡರೂ ಒಳಗಿನ ಕಾಳುಗಳು ಚಪ್ಪಟೆಯಾಗಿರುತ್ತವೆ. ಅಣ್ಣ ಬಿದ್ದೆದ್ದ ಹೆಲ್ಮೆಟ್ಟನ್ನು ತಂಗಿಗೆ ದಾಟಿಸುವ ಉಳಿತಾಯ ಬೇಡ. ಮಳೆಗಾಲದಲ್ಲಿ ಪಟ್ಟಿಗೆ ಬೂಷ್ಟು ಹಿಡಿದರೆ ಸೋಪುನೀರಿನಲ್ಲಿ ತೊಳೆದು ಗಾಳಿಗೆ ತೂಗುಹಾಕಿ, ಬಚ್ಚಲ ಒಲೆಯ ಮೇಲೆ ಒಣಗಿಸಬೇಡಿ. ಕಲೆ ತೆಗೆಯಲು ಪೆಟ್ರೋಲ್ ಸವರುವವರೂ ಇದ್ದಾರೆ. ಅದು ಒಳಕ್ಕಿಳಿದರೆ ಕಲೆಯ ಜೊತೆಗೆ ಫೋಮೂ ಕರಗುತ್ತದೆ.