ಮಳೆ ಬಂದರೆ ಈ ನೀರು ಎಲ್ಲಿಗೆ ಹೋಗುತ್ತದೆ?

ಮನೆಗಳಲ್ಲಿ ಕಟ್ಟಿಕೊಂಡ ಮಾದರಿ ರೈಲು ಲೇಔಟ್‌ಗಳಿಗೆ, ಅಂದರೆ ಹಲಗೆಯ ಮೇಲೆ ಚಿಕ್ಕ ರೈಲು ಓಡುವ ಪುಟ್ಟ ಲೋಕಗಳಿಗೆ, ಬೆಟ್ಟ, ಹಳ್ಳ, ಹುಲ್ಲು, ಗಿಡಮರ ಮಾಡಿಕೊಡುವುದು ನನ್ನ ಕಸುಬು. ‘ರೈಲು ಚೆನ್ನಾಗಿ ಓಡುತ್ತದೆ, ಆದರೆ ನೋಟಕ್ಕೆ ಏನೋ ಕೊರತೆ, ಏನೆಂದು ಗೊತ್ತಾಗುತ್ತಿಲ್ಲ’ ಎಂದು ಯಾರಾದರೂ ಕರೆದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಇಲ್ಲಿ ಮಳೆ ಸುರಿದರೆ ನೀರು ಎಲ್ಲಿಗೆ ಹೋಗುತ್ತದೆ? ಹೆಚ್ಚಿನವರು ನಗುತ್ತಾರೆ. ಆಮೇಲೆ ಬಗ್ಗಿ ನೋಡುತ್ತಾರೆ. ನೀರು ಹಳಿಯ ಮೇಲೆಯೇ ನಿಲ್ಲುತ್ತದೆ, ಇಲ್ಲವೇ ನೇರವಾಗಿ ನಿಲ್ದಾಣದ ಬಾಗಿಲಿಗೆ ನುಗ್ಗುತ್ತದೆ, ಇಲ್ಲವೇ ಬೆಟ್ಟದಿಂದ ಇಳಿದು ಹಲಗೆಯ ಉದ್ದಗಲಕ್ಕೂ ಕೆರೆಯಾಗುತ್ತದೆ. ಕೊರತೆ ಏನೆಂದು ಆಗ ನಾನು ಹೇಳಬೇಕಾಗಿಯೇ ಇರುವುದಿಲ್ಲ.

ತಪ್ಪು ಶುರುವಾಗುವುದು ಕೆಲಸದ ಕ್ರಮದಲ್ಲಿ. ಹೊರಗಿನ ಲೋಕದಲ್ಲಿ ನೆಲ ಮೊದಲು ಇತ್ತು, ನೀರು ಅದನ್ನು ಕೊರೆಯಿತು, ರೈಲು ಕೊನೆಗೆ ಬಂತು. ಎಂಜಿನಿಯರುಗಳು ದಿಣ್ಣೆಯನ್ನು ಕಡಿದು, ತಗ್ಗಿಗೆ ಮಣ್ಣು ತುಂಬಿ ಏರಿ ಕಟ್ಟಿ, ಹಳ್ಳಕ್ಕೆ ಸೇತುವೆ ಹಾಕಿ ಹಳಿಯನ್ನು ಹೇಗೋ ಮಟ್ಟವಾಗಿ ದಾಟಿಸಿದರು. ಮನೆಯಲ್ಲಿ ನಾವು ಮಾಡುವುದು ತಲೆಕೆಳಗು. ಸಪಾಟಾದ ಪ್ಲೈವುಡ್ ಮೇಲೆ ಹಳಿ ಮೊದಲು ಬರುತ್ತದೆ, ಉಳಿದ ಜಾಗದಲ್ಲಿ ಬೋಗುಣಿ ಬೋರಲು ಹಾಕಿದಂತೆ ಒಂದೆರಡು ಗುಡ್ಡಗಳು ಕೂರುತ್ತವೆ. ನೆಲವೆಲ್ಲ ಹಳಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ. ಕೆಳಗೆ ಏನೂ ಇಲ್ಲ. ಹಳಿಗಿಂತ ತಗ್ಗಾದ ನೆಲವಿಲ್ಲದ ಕಡೆ ಏರಿಯಿಲ್ಲ, ಸೇತುವೆಯಿಲ್ಲ, ಮೋರಿಯಿಲ್ಲ. ರೈಲು ದಾರಿಗೆ ರೈಲು ದಾರಿಯ ಕಳೆ ಕೊಡುವುದು ಇವುಗಳೇ.

ಆದ್ದರಿಂದ ಮೊದಲ ಬಾರಿಗೆ ಲೇಔಟ್ ಕಟ್ಟುವವರಿಗೆ ನನ್ನ ಸಲಹೆ: ಹಳಿಯನ್ನು ಹಲಗೆಯ ಮೇಲೆ ಹಾಕಬೇಡಿ, ಐದು ಸೆಂಟಿಮೀಟರ್ ದಪ್ಪದ ಗಟ್ಟಿ ಪಾಲಿಸ್ಟೈರೀನ್ ಫೋಮ್ ಹಾಳೆಯ ಮೇಲೆ ಹಾಕಿ. ಎಚ್‌ಒ ಎಂಬ ಮಾದರಿ ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿನಲ್ಲಿ (1:87), ಆ ಐದು ಸೆಂಟಿಮೀಟರ್ ನಾಲ್ಕೂಕಾಲು ಮೀಟರಿಗಿಂತ ಹೆಚ್ಚಿನ ಆಳ. ಒಂದು ಹಳ್ಳ, ಅದರ ಮೇಲೊಂದು ಗರ್ಡರ್ ಸೇತುವೆ, ಪಕ್ಕದಲ್ಲಿ ತಗ್ಗಿನ ಹೊಲಕ್ಕೆ ಅಷ್ಟು ಸಾಕು. ಎನ್ ಅಳತೆಯಾದರೆ, 1:160ರಲ್ಲಿ, ಅದೇ ಹಾಳೆ ಎಂಟು ಮೀಟರ್ ಕಣಿವೆಯಾಗುತ್ತದೆ. ಈಗಾಗಲೇ ಪ್ಲೈವುಡ್ ಮೇಲೆ ಹಳಿ ಹಾಕಿಬಿಟ್ಟಿದ್ದೀರಾ? ಹಳಿಯ ಎರಡೂ ಬದಿಗೆ ನಾಲ್ಕೈದು ಸೆಂಟಿಮೀಟರ್ ಬಿಟ್ಟು ಗರಗಸದಿಂದ ಹಲಗೆಯನ್ನು ಕತ್ತರಿಸಿ, ಹಳಿಯಿರುವ ಪಟ್ಟಿಯನ್ನು ಇದ್ದಲ್ಲೇ ಬಿಟ್ಟು, ಅದರ ಪಕ್ಕದ ತುಂಡನ್ನು ಕೆಳಗಿಳಿಸಿ, ಅಡಿಯ ಪಟ್ಟಿಗಳಿಗೆ ಬಿಗಿಯಿರಿ. ಕೆಳಗೆ ವೈರು ಹಾದುಹೋಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ನಾನು ಒಮ್ಮೆ ನೋಡಿಕೊಳ್ಳಲಿಲ್ಲ.

ಕೆಳಗಿನ ನೆಲದ ಮಹತ್ವವನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿದ್ದ ಮಾದರಿ ರೈಲು ಹವ್ಯಾಸಿ ಜಾನ್ ಅಲೆನ್. ಅವರ ‘ಗೋರಿ ಆ್ಯಂಡ್ ಡಿಫೀಟೆಡ್’ ಲೇಔಟ್‌ನಲ್ಲಿ ಕಣಿವೆಗಳು ನೋಡುವವನ ಕಾಲಬುಡದವರೆಗೆ ಇಳಿಯುತ್ತಿದ್ದವು, ಶಿಖರಗಳು ತಲೆಯ ಮೇಲಕ್ಕೆ ಏರುತ್ತಿದ್ದವು. ಜಾಗ ಸಾಲದ ಕಡೆ ಕನ್ನಡಿಗಳನ್ನು ಅಡಗಿಸಿ ಕಣ್ಣಿಗೆ ಮೋಸ ಮಾಡುತ್ತಿದ್ದರು. ಅಲೆನ್ 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟ್‌ನ ಬಹುಭಾಗ ನಾಶವಾಯಿತು. ಉಳಿದ ಚಿತ್ರಗಳನ್ನು ನಾನು ಈಗಲೂ ನೋಡುತ್ತಿರುತ್ತೇನೆ. ಅವುಗಳಲ್ಲಿ ರೈಲು ಬಹಳ ಚಿಕ್ಕದು. ಅದು ಆ ಮನುಷ್ಯನ ಧೈರ್ಯ.

ಬೆಟ್ಟವನ್ನು ಯಾವುದರಿಂದ ಮಾಡಬೇಕು ಎಂಬುದು ಜಗಳ ಆಡುವಷ್ಟು ದೊಡ್ಡ ವಿಷಯವಲ್ಲ. ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಪ್ರಚಾರಕ್ಕೆ ತಂದ ಹಳೆಯ ವಿಧಾನದಲ್ಲಿ ಹಂದರದ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಟವೆಲ್ ಹೊದಿಸಿ ತೆಳುವಾದ ಗಟ್ಟಿ ಚಿಪ್ಪು ಮಾಡುತ್ತಾರೆ. ಹಗುರ, ಗಟ್ಟಿ, ಒಳಗೆ ಪೊಳ್ಳಾದ್ದರಿಂದ ಸುರಂಗಕ್ಕೆ ಅನುಕೂಲ. ಫೋಮ್ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಚಾಕುವಿನಿಂದ ಕೆತ್ತುವುದು ಇನ್ನೊಂದು ದಾರಿ. ಫೋಮಿಗೆ ದ್ರಾವಕವಿರುವ ಅಂಟು ತಗುಲಿಸಬೇಡಿ, ಕರಗಿ ಗುಂಡಿ ಬೀಳುತ್ತದೆ. ಬಿಸಿ ತಂತಿಯಿಂದ ಕತ್ತರಿಸುವುದಾದರೆ ಕಿಟಕಿ ತೆರೆದಿರಲಿ, ಆ ಹೊಗೆ ಒಳ್ಳೆಯದಲ್ಲ. ಪ್ಲಾಸ್ಟರ್ ಯಾವುದೇ ಇರಲಿ, ಕಲಸುವಾಗಲೇ ಮಣ್ಣಿನ ಬಣ್ಣ ಬೆರೆಸಿಬಿಡಿ. ಮುಂದೊಂದು ದಿನ ಮೊಣಕೈ ತಗುಲಿ ಚಕ್ಕೆ ಎದ್ದಾಗ ಬಿಳಿ ಗಾಯ ಕಾಣುವುದಿಲ್ಲ. ಸುರಂಗದೊಳಗೆ ಹಿಂದಿನಿಂದಲೋ ಕೆಳಗಿನಿಂದಲೋ ಕೈ ಹೋಗುವಂತಿರಬೇಕು. ಬೋಗಿ ಹಳಿ ತಪ್ಪುವುದು ಯಾವಾಗಲೂ ಅಲ್ಲಿಯೇ, ಅದನ್ನು ತೆಗೆಯಲು ಹೊಸ ಬೆಟ್ಟವನ್ನು ಒಡೆಯಬೇಕಾಗಿ ಬಂದವರನ್ನು ನಾನು ಕಂಡಿದ್ದೇನೆ. ಬೆಟ್ಟ ಅಗೆದು ಇಲಿ ಹಿಡಿಯುವುದೆಂದರೆ ಅದೇ.

ಜಗಳ ಆಡಬೇಕಾದ್ದು ಇಳಿಜಾರಿನ ಬಗ್ಗೆ. ಸಡಿಲ ಮಣ್ಣು ಗೋಡೆಯಂತೆ ನಿಲ್ಲುವುದಿಲ್ಲ. ರೈಲು ಏರಿಗಳ ಬದಿಗಳು ಸಾಮಾನ್ಯವಾಗಿ ಒಂದು ಅಳತೆ ಇಳಿಯುವಷ್ಟರಲ್ಲಿ ಒಂದೂವರೆ ಅಳತೆ ಹೊರಕ್ಕೆ ಚಾಚಿರುತ್ತವೆ, ಸುಮಾರು 34 ಡಿಗ್ರಿ. ಬಂಡೆಯಾದರೆ ಬಹುತೇಕ ನೆಟ್ಟಗೆ ಕಡಿಯಬಹುದು. ಮನೆಯ ಲೇಔಟ್‌ನಲ್ಲಿ ಜಾಗ ಉಳಿಸುವ ಆಸೆಗೆ ಮಣ್ಣನ್ನು 60 ಡಿಗ್ರಿಯಲ್ಲಿ ನಿಲ್ಲಿಸಿ ಅದರ ಮೇಲೆ ಹಸಿರು ಹುಲ್ಲು ಹಾಕುತ್ತಾರೆ. ಕಣ್ಣು ಲೆಕ್ಕ ಹಾಕುವುದಿಲ್ಲ, ಆದರೆ ಒಪ್ಪುವುದೂ ಇಲ್ಲ. ಜಾಗ ಇಲ್ಲವೆಂದರೆ ಕಲ್ಲಿನ ತಡೆಗೋಡೆ ಕಟ್ಟಿ, ನಿಜವಾದ ರೈಲ್ವೆಗಳು ಮಾಡುವುದೂ ಅದನ್ನೇ. ಗೋಡೆಯ ಬುಡದಲ್ಲಿ ಸಾಲಾಗಿ ಸಣ್ಣ ತೂತುಗಳನ್ನು ಬಿಡಿ, ಪ್ರತಿ ತೂತಿನ ಕೆಳಗೆ ಒಂದು ಕಪ್ಪು ಕಲೆ ಎಳೆಯಿರಿ. ಗೋಡೆಯ ಹಿಂದೆ ಮಣ್ಣಿದೆ, ಮಣ್ಣಿನೊಳಗೆ ನೀರಿದೆ ಎಂಬುದನ್ನು ಆ ಕಲೆ ಹೇಳುತ್ತದೆ.

ನನ್ನ ಪ್ರಶ್ನೆ ಕೆಲಸಕ್ಕೆ ಬರುವುದು ಇಲ್ಲಿಂದ ಮುಂದೆ. ದಿಣ್ಣೆ ಕಡಿದ ಜಾಗದಲ್ಲಿ ಹಳಿಯ ಇಕ್ಕೆಲಗಳಲ್ಲೂ ಚರಂಡಿ ಇರಬೇಕು, ಏಕೆಂದರೆ ಎರಡೂ ಬದಿಯಿಂದ ನೀರು ಅಲ್ಲಿಗೇ ಇಳಿಯುತ್ತದೆ. ಏರಿ ತಗ್ಗನ್ನು ದಾಟುವ ಕಡೆಯಲ್ಲೆಲ್ಲ ಮೋರಿ ಬೇಕು, ಇಲ್ಲವಾದರೆ ಏರಿಯೇ ಅಣೆಕಟ್ಟು. ಒಂದು ಮೀಟರ್ ಅಗಲದ ಕೊಳವೆ ಎಚ್‌ಒದಲ್ಲಿ ಹನ್ನೊಂದೂವರೆ ಮಿಲಿಮೀಟರ್: ದಪ್ಪನೆಯ ಮಾರ್ಕರ್ ಪೆನ್ನಿನ ಖಾಲಿ ಕವಚ. ಮೋರಿಯ ಬಾಯಿಗೆ ನಾಲ್ಕು ಕಲ್ಲು, ಒಣಗಿದ ಕೆಸರಿನ ಬೀಸಣಿಗೆಯಾಕಾರದ ಹರವು, ಸುತ್ತ ಉಳಿದೆಡೆಗಿಂತ ಎತ್ತರದ ಹುಲ್ಲು. ಅರ್ಧ ಗಂಟೆಯ ಕೆಲಸ. ಬಂದ ಅತಿಥಿಗಳು ಅಂಗೈಯಗಲದ ಆ ಜಾಗವನ್ನು ಬಗ್ಗಿ ನೋಡುವಷ್ಟು ಹೊತ್ತು ದೊಡ್ಡ ಬೆಟ್ಟವನ್ನು ನೋಡುವುದಿಲ್ಲ. ಬೆಟ್ಟಕ್ಕೆ ಮೂರು ವಾರ ಕೊಟ್ಟ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಬಂಡೆಗೆ ಬಣ್ಣ ಹಾಕುವಾಗ ನೀರೇ ಅರ್ಧ ಕೆಲಸ ಮಾಡುತ್ತದೆ. ರಬ್ಬರ್ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟರ್ ಬಂಡೆಯ ಮೇಲೆ ತೆಳುವಾದ ಅಕ್ರಿಲಿಕ್ ಬಣ್ಣಗಳನ್ನು, ಒಂದು ಹಳದಿ ಮಣ್ಣಿನದು, ಒಂದು ಕಂದು, ಚಿರತೆಯ ಚುಕ್ಕೆಗಳಂತೆ ಅಲ್ಲಲ್ಲಿ ಒತ್ತಿ. ಕೊನೆಗೆ ಬಹಳ ನೀರಾದ ಕಪ್ಪನ್ನು ಮೇಲಿನಿಂದ ಇಳಿಬಿಡಿ. ಅದು ಬಿರುಕುಗಳನ್ನು ತಾನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ಒಂದು ಎಚ್ಚರಿಕೆ: ಬಂಡೆಯನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಬಣ್ಣ ಹಾಕಿ ಆಮೇಲೆ ಬೆಟ್ಟಕ್ಕೆ ನಿಲ್ಲಿಸಿದರೆ ಕಲೆಗಳೆಲ್ಲ ಅಡ್ಡಾದಿಡ್ಡಿಯಾಗಿರುತ್ತವೆ. ನಿಲ್ಲಬೇಕಾದ ಜಾಗದಲ್ಲಿ ನಿಲ್ಲಿಸಿಯೇ ಹಾಕಿ, ಲೇಔಟ್‌ಗೆ ಶಾಶ್ವತವಾಗಿ ಇರುವ ದೀಪದ ಕೆಳಗೇ ಹಾಕಿ. ಹಗಲಿನ ಕಿಟಕಿ ಬೆಳಕಿನಲ್ಲಿ ಬೂದುಬಣ್ಣವಾಗಿದ್ದ ಬಂಡೆ ಹಳದಿ ಬಲ್ಬಿನ ಕೆಳಗೆ ಬೆಲ್ಲದ ಅಚ್ಚಿನಂತೆ ಕಾಣುವುದುಂಟು.

ಹುಲ್ಲಿಗೆ ಈಗ ಎಲ್ಲರೂ ಬಳಸುವುದು ಸ್ಟ್ಯಾಟಿಕ್ ಗ್ರಾಸ್. ಜರಡಿಯಿರುವ ಉಪಕರಣವೊಂದು ನೈಲಾನ್ ಎಳೆಗಳಿಗೆ ಸಾವಿರಾರು ವೋಲ್ಟಿನ ವಿದ್ಯುದಾವೇಶ ಕೊಡುತ್ತದೆ. ಇನ್ನೊಂದು ತಂತಿಯನ್ನು ಹಸಿ ಅಂಟಿನಲ್ಲಿ ಚುಚ್ಚಿದ ಮೊಳೆಗೆ ಸಿಕ್ಕಿಸಿದಾಗ ಎಳೆಗಳು ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲಿ ಹಾರಿ ಅಂಟಿನಲ್ಲಿ ನೆಟ್ಟಗೆ ನಾಟುತ್ತವೆ. ಮೊದಲ ಸಲ ನೋಡಿದವರಿಗೆ ಮಾಟದಂತೆ ಕಾಣುತ್ತದೆ. ಎಂಜಿನ್‌ಗಳನ್ನು ಹಳಿಯಿಂದ ತೆಗೆದಿಟ್ಟು, ಕಂಟ್ರೋಲರ್ ಸಂಪರ್ಕ ಕಳಚಿದ ಮೇಲೆಯೇ ಇದನ್ನು ಮಾಡಿ. ಎರಡು ಮಿಲಿಮೀಟರ್ ಎಳೆ ಎಚ್‌ಒದಲ್ಲಿ ಗೇಣಿಗಿಂತ ತುಸು ಕಡಿಮೆ ಎತ್ತರ, ಆರು ಮಿಲಿಮೀಟರ್ ಅರ್ಧ ಮೀಟರಿಗೂ ಮೇಲೆ. ಒಂದೇ ಉದ್ದ, ಒಂದೇ ಹಸಿರು ಹಾಕಿದರೆ ಜಮಖಾನೆ ಹಾಸಿದಂತಾಗುತ್ತದೆ. ದಿಣ್ಣೆಯ ನೆತ್ತಿಯಲ್ಲಿ ಗಿಡ್ಡನೆಯ ಒಣಹುಲ್ಲಿನ ಬಣ್ಣ, ಚರಂಡಿಯ ಅಂಚಿನಲ್ಲಿ ಉದ್ದನೆಯ ಹಸಿರು: ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಹುಲ್ಲು ಬೆಳೆಯಲಿ. ಅಲ್ಲಲ್ಲಿ ಬರಿ ನೆಲವೂ ಕಾಣಲಿ.

ಮರಗಳ ವಿಷಯದಲ್ಲಿ ನಾವೆಲ್ಲರೂ ಸುಳ್ಳುಗಾರರು. ಇಪ್ಪತ್ತು ಮೀಟರಿನ ಸಾಧಾರಣ ಮರ ಎಚ್‌ಒದಲ್ಲಿ 23 ಸೆಂಟಿಮೀಟರ್ ಬರಬೇಕು. ಹೆಚ್ಚಿನ ಲೇಔಟ್‌ಗಳಲ್ಲಿ ಎಂಟು, ಹತ್ತು ಸೆಂಟಿಮೀಟರಿನವೇ ತುಂಬಿರುತ್ತವೆ, ಏಕೆಂದರೆ ನಿಜವಾದ ಅಳತೆಯ ಮರದ ಪಕ್ಕದಲ್ಲಿ ಹತ್ತು ಸೆಂಟಿಮೀಟರಿನ ಬೆಟ್ಟದ ಬಣ್ಣ ಬಯಲಾಗುತ್ತದೆ. ಒಂದು ಕಿಲೋಮೀಟರ್ ಎತ್ತರದ ಬೆಟ್ಟವನ್ನು ಅಳತೆಗೆ ಸರಿಯಾಗಿ ಮಾಡಹೊರಟರೆ ಹನ್ನೊಂದೂವರೆ ಮೀಟರ್ ಆಗುತ್ತದೆ, ಸೂರು ಹಾರಿಹೋಗುತ್ತದೆ. ನಾನು ಮುಂದುಗಡೆ ಎರಡು ಮೂರು ದೊಡ್ಡ ಮರಗಳನ್ನು ಸರಿಯಾದ ಅಳತೆಗೆ ಮಾಡಿ, ಹಿಂದೆ ಹೋದಂತೆ ಗಿಡ್ಡ ಮಾಡುತ್ತೇನೆ. ಹಿನ್ನೆಲೆಯ ಚಿತ್ರದಲ್ಲಿ ಗುಡ್ಡಗಳನ್ನು ತಿಳಿ ನೀಲಿಗೆ ತಿರುಗಿಸಿ, ವಿವರವಿಲ್ಲದೆ ಬಿಡುತ್ತೇನೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಬೇಕಾದ ಜಾಗ ಅದೊಂದೇ. ಮೂಲೆಗಳನ್ನು ಮಾತ್ರ ದುಂಡಗೆ ಬಾಗಿಸಿ, ಆಕಾಶಕ್ಕೆ ಮೂಲೆ ಇರುವುದಿಲ್ಲ.

ಹಳಿಯ ಜಲ್ಲಿ ಹಾಕುವುದು ಬೇಸರದ ಕೆಲಸ, ಅದಕ್ಕೆ ಸುಲಭದ ದಾರಿಯಿಲ್ಲ. ನಿಜವಾದ ಜಲ್ಲಿ ಐದು ಸೆಂಟಿಮೀಟರ್ ಆಸುಪಾಸು, ಎಚ್‌ಒದಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಅಂಗಡಿಯವು ಹಲವು ಇದಕ್ಕಿಂತ ದಪ್ಪ. ಹೊರಗಿನಿಂದ ತಂದ ಮರಳಾದರೆ ಅಯಸ್ಕಾಂತ ಆಡಿಸಿ ನೋಡಿ, ಕಬ್ಬಿಣದ ಕಣ ಎಂಜಿನ್ನಿನ ಮೋಟಾರಿಗೆ ಅಂಟುತ್ತದೆ. ಬ್ರಷ್ಷಿನಿಂದ ಸ್ಲೀಪರುಗಳ (ಹಳಿಯಡಿಯ ಅಡ್ಡಪಟ್ಟಿಗಳ) ನಡುವೆ ಸರಿಪಡಿಸಿ, ಮೊದಲು ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ಆಮೇಲೆ ಒಂದು ಪಾಲು ಬಿಳಿ ಅಂಟಿಗೆ ಎರಡು ಪಾಲು ನೀರು ಬೆರೆಸಿ ಹನಿಹನಿಯಾಗಿ ಬಿಡಿ. ಮೊದಲು ಒದ್ದೆ ಮಾಡದಿದ್ದರೆ ಅಂಟಿನ ಹನಿ ಉಂಡೆಯಾಗಿ ಉರುಳಿ ಜಲ್ಲಿಯಲ್ಲಿ ಕುಳಿ ಮಾಡುತ್ತದೆ. ರೈಲಿನ ದಾರಿ ಬದಲಿಸುವ ಪಾಯಿಂಟುಗಳ ಚಲಿಸುವ ಹಳಿಯ ಹತ್ತಿರ ಅಂಟು ಬೇಡವೇ ಬೇಡ.

ಕೊನೆಗೆ ನೀರು. ಎರಡು ಭಾಗದ ಎಪಾಕ್ಸಿ ರೆಸಿನ್ ಸುರಿದರೆ ನದಿ ತಾನಾಗಿ ಆಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಆಳ ಇರುವುದು ರೆಸಿನ್‌ನಲ್ಲಲ್ಲ, ತಳದ ಬಣ್ಣದಲ್ಲಿ: ನಡುವೆ ಕಡುಗಪ್ಪು ಹಸಿರು, ದಡದತ್ತ ನಿಧಾನವಾಗಿ ಮಣ್ಣಿನ ಬಣ್ಣಕ್ಕೆ ತಿಳಿಯಾಗುವುದು. ರೆಸಿನ್ ಒಂದು ಬಾರಿಗೆ ಮೂರು ಮಿಲಿಮೀಟರಿಗಿಂತ ಹೆಚ್ಚು ಬೇಡ. ಅದಕ್ಕೂ ಮೊದಲು ತಳ ಪೂರ್ತಿ ಒಣಗಿ, ಬಣ್ಣದಿಂದ ಮುಚ್ಚಿಹೋಗಿರಬೇಕು, ಇಲ್ಲವಾದರೆ ಪ್ಲಾಸ್ಟರಿನ ಗಾಳಿ ಗುಳ್ಳೆಗಳಾಗಿ ಮೇಲೆ ಬರುತ್ತದೆ. ರೆಸಿನ್ ತನ್ನ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ. ಮೇಜು ಒಂದು ಕಡೆ ವಾಲಿದ್ದರೆ ನದಿ ಅದನ್ನು ಎಲ್ಲರ ಮುಂದೆ ಹೇಳಿಬಿಡುತ್ತದೆ. ಹಾಗಾಗಿ ಇಳಿಜಾರಿನಲ್ಲಿ ಧುಮುಕುವ ತೊರೆಗೆ ಅದು ಒಗ್ಗದು, ಅಲ್ಲಿ ಗಟ್ಟಿಯಾದ ಅಕ್ರಿಲಿಕ್ ಜೆಲ್ ಅನ್ನು ಬ್ರಷ್ಷಿನಿಂದ ಎಳೆಯಬೇಕು. ಸುರಿಯುವ ಮುಂಚೆ ತೂತು ಹುಡುಕಿ, ಸೂಜಿಮೊನೆಯಷ್ಟಿದ್ದರೂ. ನನ್ನ ಎರಡನೆಯ ವರ್ಷದ ಒಂದು ಕೆಲಸದಲ್ಲಿ ಸಂಜೆ ಮುಗಿಸಿ ದೀಪ ಆರಿಸಿ ಹೋದ ನದಿ ಬೆಳಗ್ಗೆ ಇರಲಿಲ್ಲ. ಸೇತುವೆಯ ಕಂಬ ಚುಚ್ಚಿದ ತೂತಿನಿಂದ ರಾತ್ರಿಯಿಡೀ ಇಳಿದು, ಮೇಜಿನ ಕೆಳಗೆ ಸುತ್ತಿಟ್ಟಿದ್ದ ಮಾಲೀಕರ ರತ್ನಗಂಬಳಿಯೊಳಗೆ ಗಾಜಿನಂತೆ ಗಟ್ಟಿಯಾಗಿತ್ತು. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಅಭ್ಯಾಸ ನನಗೆ ಅಂಟಿಕೊಂಡದ್ದು ಆ ಬೆಳಗ್ಗೆ, ಚಾಕುವಿನಿಂದ ಆ ಗಂಬಳಿಯನ್ನು ಕೊಯ್ಯುತ್ತಾ ಕುಳಿತಿದ್ದಾಗ.