ನಗರದ ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ನಕ್ಷೆಯನ್ನು ಎಷ್ಟು ನಂಬಬಹುದು?

ಪ್ರಶ್ನೆ: ಕಸ, ಸಂಚಾರ, ಗಾಳಿ, ಸಾರ್ವಜನಿಕ ದೂರು ಎಂದು ನಗರಾಡಳಿತಗಳು ಈಗ ಎಲ್ಲದಕ್ಕೂ ಡ್ಯಾಶ್‌ಬೋರ್ಡ್ (ಅಂಕಿಅಂಶಗಳನ್ನು ನಕ್ಷೆ, ಬಣ್ಣಗಳಲ್ಲಿ ತೋರಿಸುವ ಪರದೆ) ಇಡುತ್ತಿವೆ. ಅದರಲ್ಲಿ ಒಂದು ವಾರ್ಡ್ ಕೆಂಪಾಗಿಯೂ ಪಕ್ಕದ್ದು ಹಸಿರಾಗಿಯೂ ಕಾಣುತ್ತದೆ. ಈ ಬಣ್ಣಗಳನ್ನು ನಂಬಬಹುದೇ? ಇದಕ್ಕೂ ‘ದತ್ತಾಂಶ ಆಡಳಿತ’ ಎಂಬುದಕ್ಕೂ ಏನು ಸಂಬಂಧ?

ಉತ್ತರ: ನಕ್ಷೆಗೆ ಬಣ್ಣ ತುಂಬುವ ಹೊತ್ತಿಗೆ ಮುಖ್ಯ ತೀರ್ಮಾನಗಳೆಲ್ಲ ಆಗಿಹೋಗಿರುತ್ತವೆ. ಏನನ್ನು ಎಣಿಸಬೇಕು, ಯಾರು ಎಣಿಸಬೇಕು, ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾರಿಗೆ ಎಷ್ಟನ್ನು ತೋರಿಸಬೇಕು, ತಪ್ಪು ಕಂಡರೆ ತಿದ್ದುವ ಹೊಣೆ ಯಾರದು ಎಂಬುದನ್ನು ನಿರ್ಧರಿಸುವ ನಿಯಮಗಳಿಗೆ ಒಟ್ಟಾಗಿ ದತ್ತಾಂಶ ಆಡಳಿತ ಎನ್ನುತ್ತಾರೆ. ಆ ನಿಯಮಗಳು ಗೊತ್ತಿಲ್ಲದಿದ್ದರೆ ಕೆಂಪು ಎಂದರೆ ಏನು, ಹಸಿರು ಎಂದರೆ ಏನು ಎಂದು ಹೇಳಲು ಬರುವುದಿಲ್ಲ.

ನಗರದ ನಕ್ಷೆಗಳ ಮಾತು ಬಂದಾಗಲೆಲ್ಲ 1854ರ ಲಂಡನ್ ಕಾಲರಾ ನಕ್ಷೆಯನ್ನು ನೆನೆಯುವುದು ವಾಡಿಕೆ. ವೈದ್ಯ ಜಾನ್ ಸ್ನೋ ಸತ್ತವರನ್ನು ಮನೆಮನೆಗೆ ಗುರುತು ಹಾಕಿ, ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ಸುತ್ತ ಸಾವುಗಳು ಒತ್ತಾಗಿರುವುದನ್ನು ತೋರಿಸಿದ. ಆದರೆ ನಕ್ಷೆ ನೋಡಿ ಪಂಪಿನ ಹಿಡಿ ಕಿತ್ತರು ಎಂಬ ಜನಪ್ರಿಯ ಕತೆ ಸರಿಯಲ್ಲ. ಹಿಡಿಯನ್ನು ಸೆಪ್ಟೆಂಬರ್ 8ರಂದೇ ತೆಗೆಯಲಾಗಿತ್ತು, ನಕ್ಷೆ ಬಂದದ್ದು ಆಮೇಲೆ. ಸ್ನೋಗೆ ನಿಜವಾಗಿ ನೆರವಾದದ್ದು ಸಾವುಗಳ ದಾಖಲೆ. ಇಂಗ್ಲೆಂಡಿನಲ್ಲಿ 1837ರಿಂದ ಮರಣ ನೋಂದಣಿ ನಡೆಯುತ್ತಿದ್ದುದರಿಂದ, ನೋಂದಣಿ ಕಚೇರಿಯಲ್ಲಿ ಅನುಮತಿ ಕೇಳಿ ಕಾಲರಾ ಸಾವುಗಳ ಪಟ್ಟಿಯನ್ನು ಬರೆದುಕೊಳ್ಳಲು ಅವನಿಗೆ ಸಾಧ್ಯವಾಯಿತು. ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯವೆನಿಸುತ್ತದೆ. ಪಂಪಿನ ಬಳಿಯಲ್ಲೇ ಇದ್ದ ಬಿಯರ್ ತಯಾರಿಕಾ ಘಟಕದ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಕಾಲರಾದಿಂದ ಸತ್ತಿರಲಿಲ್ಲ. ಸ್ನೋ ಅಲ್ಲಿಗೆ ಹೋಗಿ ವಿಚಾರಿಸಿದಾಗ, ಅವರಿಗೆ ಕುಡಿಯಲು ಬಿಯರ್ ಸಿಗುತ್ತಿತ್ತು, ಘಟಕಕ್ಕೆ ಸ್ವಂತ ಬಾವಿಯೂ ಇತ್ತು ಎಂದು ತಿಳಿಯಿತು. ಅಂದರೆ ನಕ್ಷೆಯಲ್ಲಿ ಖಾಲಿ ಬಿದ್ದ ಜಾಗಕ್ಕೂ ಒಂದು ಕಾರಣ ಹುಡುಕಬೇಕಿತ್ತು.

ಇಂದಿನ ಡ್ಯಾಶ್‌ಬೋರ್ಡ್‌ಗಳಲ್ಲಿ ಆ ಹುಡುಕಾಟ ಅಪರೂಪ. ರಸ್ತೆಗುಂಡಿಯ ದೂರುಗಳನ್ನೇ ತೆಗೆದುಕೊಳ್ಳೋಣ. ಒಂದೇ ಗುಂಡಿಯ ಬಗ್ಗೆ ಹತ್ತು ಜನ ದೂರಿತ್ತರೆ ಅದು ಹತ್ತು ದೂರೋ, ಒಂದೋ? ‘ಪರಿಹಾರವಾಗಿದೆ’ ಎಂದು ಬರೆಯುವುದು ಎಂಜಿನಿಯರ್ ಕಡತ ಮುಚ್ಚಿದಾಗಲೋ, ದೂರು ಕೊಟ್ಟವರು ಹೌದೆಂದು ಒಪ್ಪಿದಾಗಲೋ? ಬೇರೆ ಇಲಾಖೆಗೆ ವರ್ಗಾಯಿಸಿದ ದೂರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ? ಈ ಮೂರು ಪ್ರಶ್ನೆಗಳಿಗೆ ಉತ್ತರ ಬದಲಾದರೆ, ರಸ್ತೆಯಲ್ಲಿ ಒಂದು ಬುಟ್ಟಿ ಜಲ್ಲಿಯೂ ಬೀಳದೆ ಕೆಂಪು ವಾರ್ಡ್ ಹಸಿರಾಗಬಹುದು. ವ್ಯಾಖ್ಯೆಯನ್ನು ಬರೆದಿಟ್ಟು, ಅದನ್ನು ಬದಲಿಸಿದ ದಿನವನ್ನೂ ನಮೂದಿಸಿ, ನಕ್ಷೆಯ ಪಕ್ಕದಲ್ಲೇ ಪ್ರಕಟಿಸುವುದು ಬೇಸರದ ಕೆಲಸವಾದರೂ ಆಡಳಿತ ಎನ್ನುವುದರ ಅರ್ಧ ಭಾಗ ಅದೇ.

ಇನ್ನು ಭಾಜಕದ ವಿಷಯ. ಒಂದು ವಾರ್ಡ್‌ನಿಂದ 400 ದೂರುಗಳು, ಇನ್ನೊಂದರಿಂದ 150 ದೂರುಗಳು ಬಂದಿವೆ ಎಂದಿಟ್ಟುಕೊಳ್ಳಿ. ಬರೀ ಸಂಖ್ಯೆಗೆ ಬಣ್ಣ ಕೊಟ್ಟರೆ ಮೊದಲನೆಯದು ಕಡುಗೆಂಪು. ಆದರೆ ಅಲ್ಲಿ 80,000 ಜನರಿದ್ದು ಎರಡನೆಯದರಲ್ಲಿ 15,000 ಜನರಷ್ಟೇ ಇದ್ದರೆ, ಸಾವಿರ ಜನರಿಗೆ ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 10 ದೂರುಗಳಾಗುತ್ತವೆ, ಬಣ್ಣ ತಲೆಕೆಳಗಾಗುತ್ತದೆ. ವಾರ್ಡ್ ಗಡಿಯನ್ನು ಬೇರೆ ರೀತಿ ಎಳೆದರೂ ಇದೇ ಬಗೆಯ ಪಲ್ಲಟ ಸಂಭವಿಸುವುದನ್ನು ಭೂಗೋಳಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ.

ದತ್ತಾಂಶ ಬರುವ ದಾರಿಯೂ ಸಮನಾಗಿರುವುದಿಲ್ಲ. ಅಮೆರಿಕದ ಬಾಸ್ಟನ್ ನಗರ ‘ಸ್ಟ್ರೀಟ್ ಬಂಪ್’ ಎಂಬ ಆ್ಯಪ್ ತಂದಿತ್ತು. ಕಾರಿನಲ್ಲಿಟ್ಟ ಫೋನ್ ಕುಲುಕಾಟವನ್ನು ಗ್ರಹಿಸಿ ರಸ್ತೆಗುಂಡಿಯನ್ನು ತಾನಾಗಿಯೇ ವರದಿ ಮಾಡುತ್ತಿತ್ತು. ಜಾಣ ಉಪಾಯವೇ, ಆದರೆ ಸ್ಮಾರ್ಟ್‌ಫೋನ್ ಕಡಿಮೆ ಇರುವ ಬಡವರ ಮತ್ತು ವೃದ್ಧರ ಬಡಾವಣೆಗಳ ಗುಂಡಿಗಳು ಇಂಥ ಲೆಕ್ಕದಿಂದ ತಪ್ಪಿಹೋಗುವ ಅಪಾಯವಿದೆ. ದೂರು ಬಾರದ ಜಾಗದಲ್ಲಿ ತೊಂದರೆಯೇ ಇಲ್ಲ ಎಂದು ಓದಿದರೆ, ದುರಸ್ತಿಯ ಹಣ ಮತ್ತೆ ಮತ್ತೆ ಒಂದೇ ದಿಕ್ಕಿಗೆ ಹರಿಯುತ್ತದೆ.

ಹಾಗಾದರೆ ಎಲ್ಲವನ್ನೂ ಸೂಕ್ಷ್ಮವಾಗಿ ಎಣಿಸಿ ಬಹಿರಂಗಪಡಿಸಿಬಿಟ್ಟರೆ ಆಯಿತಲ್ಲ ಎನ್ನಬಹುದು. ಅಲ್ಲಿ ಖಾಸಗಿತನ ಅಡ್ಡ ಬರುತ್ತದೆ. ನ್ಯೂಯಾರ್ಕ್‌ನಲ್ಲಿ 2013ರ 17 ಕೋಟಿಗೂ ಹೆಚ್ಚು ಟ್ಯಾಕ್ಸಿ ಪ್ರಯಾಣಗಳ ವಿವರ, ಮಾಹಿತಿ ಹಕ್ಕಿನ ಅರ್ಜಿಯ ಮೂಲಕ 2014ರಲ್ಲಿ ಹೊರಬಂತು. ಟ್ಯಾಕ್ಸಿಯ ಪರವಾನಗಿ ಸಂಖ್ಯೆಗಳನ್ನು ಗೂಢಲಿಪಿಯಂತೆ ಕಾಣುವ ಅಕ್ಷರಮಾಲೆಯಾಗಿ ಬದಲಿಸಿದ್ದರು. ಆದರೆ ಆ ಸಂಖ್ಯೆಗಳು ಕೆಲವೇ ಗೊತ್ತಾದ ಮಾದರಿಗಳಲ್ಲಿ ಇರುತ್ತವೆ. ಇರಬಹುದಾದ ಎಲ್ಲ ಸಂಖ್ಯೆಗಳನ್ನೂ ಅದೇ ರೀತಿ ಬದಲಿಸಿ ಹೋಲಿಸಿದಾಗ ಮುಸುಕು ಕೆಲವೇ ಗಂಟೆಗಳಲ್ಲಿ ಕಳಚಿತು. ಖ್ಯಾತನಾಮರು ಟ್ಯಾಕ್ಸಿ ಹತ್ತುವ ಫೋಟೊಗಳಲ್ಲಿ ಕಾಣುವ ಸಂಖ್ಯೆಯನ್ನು ತಾಳೆ ನೋಡಿ ಅವರು ಎಲ್ಲಿ ಇಳಿದರೆಂದು ಪತ್ತೆ ಮಾಡಿದವರೂ ಇದ್ದಾರೆ. ಹೆಸರು ಅಳಿಸಿದರೆ ಸಾಲದು ಎಂಬುದಕ್ಕೆ ಇನ್ನೊಂದು ಸಾಕ್ಷಿ 2013ರ ಒಂದು ಅಧ್ಯಯನ: 15 ಲಕ್ಷ ಜನರ ಮೊಬೈಲ್ ದಾಖಲೆಗಳಲ್ಲಿ, ಒಬ್ಬ ವ್ಯಕ್ತಿ ಯಾವ ಹೊತ್ತಿಗೆ ಎಲ್ಲಿದ್ದ ಎಂಬ ನಾಲ್ಕು ಬಿಂದುಗಳು ಸಿಕ್ಕರೆ ಶೇ 95ರಷ್ಟು ಮಂದಿಯನ್ನು ಉಳಿದವರಿಂದ ಬೇರ್ಪಡಿಸಬಹುದಿತ್ತು. ಆದ್ದರಿಂದ ಬಿಂದುಗಳ ಬದಲು ಪ್ರದೇಶವಾರು ಮೊತ್ತ ಕೊಡುವುದು, ತೀರಾ ಸಣ್ಣ ಸಂಖ್ಯೆಗಳನ್ನು ಮರೆಮಾಡುವುದು, ವೇಳೆಯನ್ನು ಗಂಟೆಗಳಿಗೆ ದುಂಡಾಗಿಸುವುದು ಮುಂತಾದ ಕ್ರಮಗಳು ಬೇಕಾಗುತ್ತವೆ. ಇವುಗಳಿಂದ ನಕ್ಷೆ ಸ್ವಲ್ಪ ಮಬ್ಬಾಗುವುದು ನಿಜ. ಮುಚ್ಚುಮರೆಯಿಲ್ಲದೆ ಹೇಳುವುದಾದರೆ, ಆ ಮಬ್ಬನ್ನು ನಾನು ದೋಷವೆಂದು ಎಣಿಸುವುದಿಲ್ಲ. ಎಷ್ಟು ಮಬ್ಬುಗೊಳಿಸಲಾಗಿದೆ ಎಂದು ಹೇಳದೆ ಬಿಡುವುದೇ ದೋಷ.

ಗುತ್ತಿಗೆಯ ಕರಾರನ್ನೂ ಮರೆಯಬಾರದು. ಸೆನ್ಸರ್ ಹಾಕಿದ ಸಂಸ್ಥೆಯೇ ದತ್ತಾಂಶದ ಒಡೆತನವನ್ನೂ ಉಳಿಸಿಕೊಂಡರೆ, ನಗರಾಡಳಿತ ತನ್ನದೇ ಬೀದಿಯ ಅಂಕಿಗಳಿಗೆ ಕೈಯೊಡ್ಡಬೇಕಾಗುತ್ತದೆ.

ಇಷ್ಟೆಲ್ಲ ಪರಿಶೀಲಿಸಲು ಪುರುಸೊತ್ತಿಲ್ಲದ ಓದುಗರು ನಕ್ಷೆಯ ಬಣ್ಣಸೂಚಿಯಲ್ಲಿ ಒಂದನ್ನಾದರೂ ಹುಡುಕಬಹುದು: ‘ಮಾಹಿತಿ ಇಲ್ಲ’ ಎಂಬುದಕ್ಕೆ ಪ್ರತ್ಯೇಕ ಬಣ್ಣವಿದೆಯೇ? ಗಾಳಿಯ ಗುಣಮಟ್ಟ ಅಳೆಯುವ ಸೆನ್ಸರ್ ಮೂರು ದಿನದಿಂದ ಕೆಟ್ಟು ನಿಂತಿದ್ದರೆ ಆ ಪ್ರದೇಶ ಬೂದು ಬಣ್ಣದಲ್ಲಿರಬೇಕು. ಅದು ಹಸಿರಾಗಿಯೇ ಉಳಿದಿದ್ದರೆ, ಅದೇ ನಕ್ಷೆಯ ಉಳಿದ ಹಸಿರುಗಳನ್ನೂ ಅಷ್ಟೇ ಅನುಮಾನದಿಂದ ನೋಡಬೇಕಾಗುತ್ತದೆ.